ಬಾಡಿಗೆ ಮನೆ: ಹುಡುಕುವ ಮುಂಚೆ ಲೆಕ್ಕ, ಹಣ ಕೊಡುವ ಮುಂಚೆ ಕಾಗದ



ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್‌ಗೆ ಹೋಗುವ, ಮನೆಕೆಲಸ ಮಾಡುವ ಸಹೋದರಿಯರ ಸಂಬಳದ ದೊಡ್ಡ ಪಾಲು ತಿಂಗಳ ಮೊದಲ ವಾರವೇ ಬಾಡಿಗೆಗೆ ಹೋಗುತ್ತದೆ. ಸಂಘದಲ್ಲಿ ವರ್ಷಗಟ್ಟಲೆ ಕೂಡಿಟ್ಟ ಉಳಿತಾಯ ಅಡ್ವಾನ್ಸ್ ಎಂದು ಒಂದೇ ದಿನ ಕೈಬಿಡುತ್ತದೆ. ಆದ್ದರಿಂದ ಈ ಪಾಠವನ್ನು ಸಭೆಯಲ್ಲಿ ಒಬ್ಬರು ಓದಿ, ಉಳಿದವರು ಚರ್ಚಿಸೋಣ.

1. ಎಲ್ಲಿ ವಿಚಾರಿಸಬೇಕು?
ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಕೇಳುತ್ತಾರೆ. ಮೊದಲು ಕಿರಾಣಿ ಅಂಗಡಿ, ಇಸ್ತ್ರಿ ಅಂಗಡಿ, ಹಾಲಿನ ಬೂತ್, ಅಂಗನವಾಡಿಯಲ್ಲಿ ಕೇಳಿ. ಯಾರು ಮನೆ ಖಾಲಿ ಮಾಡ್ತಾರೆ ಅನ್ನೋದು ಬೋರ್ಡ್ ಹಾಕುವ ಮುಂಚೆಯೇ ಅವರಿಗೆ ಗೊತ್ತಿರುತ್ತದೆ. ಒಂಟಿ ಹೆಂಗಸಿಗೆ ಮನೆ ಕೊಡಲು ಹಿಂಜರಿಯುವ ಮಾಲೀಕರಿದ್ದಾರೆ. ಅಂಥ ಕಡೆ ಅದೇ ಬೀದಿಯ ಸಂಘದ ಸದಸ್ಯೆಯರು ಇಬ್ಬರು ಜೊತೆಗೆ ಹೋಗಿ ಮಾತಾಡಿದರೆ ನಂಬಿಕೆ ಬರುತ್ತದೆ.

2. ಯಾವುದು ಕಡಿಮೆ ಬಾಡಿಗೆ?
ಒಂದು ಉದಾಹರಣೆ ನೋಡೋಣ. ಮೊದಲ ಮನೆಗೆ ನೀರೂ ಸೇರಿ 7,000 ರೂಪಾಯಿ. ಕೆಲಸ, ಶಾಲೆ ನಡೆದು ಹೋಗುವಷ್ಟು ಹತ್ತಿರ. ಎರಡನೆಯದಕ್ಕೆ ಬಾಡಿಗೆ 5,500. ಆದರೆ ಟ್ಯಾಂಕರ್ ನೀರಿಗೆ 500, ಮಗುವಿನ ಶಾಲೆಯ ಆಟೋಗೆ 1,200. ಕೂಡಿದರೆ 7,200! 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ, ನಿಜ. ಆದರೆ ಬಸ್ಸಿನಲ್ಲಿ ಕಳೆಯುವ ಎರಡು ಗಂಟೆ ಉಚಿತವಲ್ಲ.

ಕರೆಂಟಿಗೆ ಪ್ರತ್ಯೇಕ ಆರ್.ಆರ್. ನಂಬರಿನ ಮೀಟರ್ ಇದೆಯೇ ಕೇಳಿ. ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು.

3. ಅಡ್ವಾನ್ಸ್
ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಹಳೆಯ ರೂಢಿ, ಅದು ಕಾನೂನಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ. ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದು ಮಾಲೀಕರನ್ನು ಕಟ್ಟಿಹಾಕುತ್ತದೆ. ಆದರೂ ಚೌಕಾಸಿ ಮಾಡುವಾಗ ಹೇಳಲು ಒಳ್ಳೆಯ ಮಾತು. ಖಾಲಿ ಮಾಡುವಾಗ ‘ಪೇಂಟಿಂಗ್’ ಎಂದು ಎಷ್ಟು ಹಿಡಿಯುತ್ತಾರೆ ಎನ್ನುವುದನ್ನು ಮೊದಲೇ ಬರೆಸಿ. ಅಡ್ವಾನ್ಸನ್ನು ಬ್ಯಾಂಕ್ ಅಥವಾ ಫೋನ್ ಮೂಲಕ ಕೊಡಿ. ಕೈಯಲ್ಲಿ ಕೊಟ್ಟರೆ ರಶೀದಿ ಬೇಕೇ ಬೇಕು.

4. ಭೋಗ್ಯಕ್ಕೆ ಹಾಕಿಕೊಳ್ಳುವವರಿಗೆ
ತಿಂಗಳ ಬಾಡಿಗೆ ಇಲ್ಲ, ಲಕ್ಷಗಟ್ಟಲೆ ಕೊಟ್ಟರೆ ಬಿಡುವಾಗ ಪೂರ್ತಿ ವಾಪಸ್ ಎಂಬ ಮಾತು ಕೇಳಲು ಚೆಂದ. ಆದರೆ ಆ ಮನೆ ಮೊದಲೇ ಬ್ಯಾಂಕಿನಲ್ಲಿ ಅಡವಿದ್ದು, ಮಾಲೀಕ ಸಾಲ ಕಟ್ಟದಿದ್ದರೆ ಬ್ಯಾಂಕು ಬಂದು ಬೀಗ ಹಾಕಬಹುದು. ಆಗ ಮನೆಯೂ ಇಲ್ಲ, ಹಣವೂ ಇಲ್ಲ. ಸಾಲ ಮಾಡಿ, ಒಡವೆ ಮಾರಿ ಕೊಟ್ಟ ಹಣ ಅದು! ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ (ಇ.ಸಿ.) ನೋಡಿ, ಮನೆಯ ಮೂಲ ದಾಖಲೆ ಯಾರ ಕೈಯಲ್ಲಿದೆ ಎಂದೂ ಕೇಳಿ. ಮೂಲಪತ್ರ ತೋರಿಸದವರಿಗೆ ದುಡ್ಡು ಕೊಡಬೇಡಿ. ಹಣ ಪಡೆಯುವವರು ನಿಜವಾದ ಮಾಲೀಕರೋ, ಮಧ್ಯದವರೋ ಖಚಿತ ಮಾಡಿಕೊಳ್ಳಿ.

5. ಕರಾರು ಪತ್ರ
ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಬಾಡಿಗೆ, ಅಡ್ವಾನ್ಸ್, ವರ್ಷಕ್ಕೆ ಎಷ್ಟು ಏರಿಕೆ, ನೀರಿನ ಖರ್ಚು, ಖಾಲಿ ಮಾಡಲು ಎಷ್ಟು ದಿನದ ನೋಟಿಸ್ ಎಂಬುದೆಲ್ಲ ಅದರಲ್ಲಿರಲಿ. ಓದಲು ಬಾರದಿದ್ದರೆ ಓದಿಸಿಕೊಂಡು ಸಹಿ ಮಾಡಿ. ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ.

ತೊಂದರೆಯಾದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100.

ಚರ್ಚೆಗೆ:
• ನಮ್ಮಲ್ಲಿ ಎಷ್ಟು ಜನರ ಹತ್ತಿರ ಕರಾರು ಪತ್ರದ ಪ್ರತಿ ಇದೆ?
• ಖಾಲಿ ಆಗುವ ಮನೆಗಳ ಸುದ್ದಿಯನ್ನು ಸಂಘದ ಪುಸ್ತಕದಲ್ಲಿ ಪ್ರತಿ ವಾರ ಯಾರು ಬರೆದಿಡುತ್ತೀರಿ?