‘ಐಯಾಮ್ ಫೈನ್’ ಎನ್ನುವ ಮಕ್ಕಳು

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಮನೆ ಬಾಡಿಗೆ, ಡ್ರೈವಿಂಗ್ ಲೈಸೆನ್ಸ್, ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್ ಎಲ್ಲದರ ಬಗ್ಗೆಯೂ ಕನ್ನಡ ಕೂಟದಲ್ಲಿ ಹೇಳಿಕೊಡುವವರಿದ್ದಾರೆ. ಹದಿಹರೆಯದ ಮಕ್ಕಳ ಮನಸ್ಸಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. 2019ರಲ್ಲಿ ಇಲ್ಲಿನ 15ರಿಂದ 24 ವರ್ಷದ ಏಷ್ಯನ್ ಮೂಲದವರ ಸಾವಿಗೆ ಮೊದಲ ಕಾರಣ ಆತ್ಮಹತ್ಯೆಯೇ ಆಗಿತ್ತು. ಹಾಗಾಗಿ ಈ ಮಾತು ಆಡಲೇಬೇಕು.

ಎಂಟನೇ ಕ್ಲಾಸಿನಲ್ಲಿ ಊರು ಬಿಟ್ಟು ಬಂದ ಹುಡುಗನನ್ನು ನೆನೆಯಿರಿ. ಅಲ್ಲಿ ಅಜ್ಜಿ, ಚಿಕ್ಕಪ್ಪನ ಮಕ್ಕಳು, ಬೀದಿ ತುಂಬ ಗೆಳೆಯರು. ಇಲ್ಲಿ ಊಟದ ಹೊತ್ತಿಗೆ ಯಾರ ಪಕ್ಕ ಕೂರಬೇಕೆಂದೇ ತಿಳಿಯದು. ಮನೆಗೆ ಬಂದರೆ ಅಪ್ಪ ಮೀಟಿಂಗಿನಲ್ಲಿ, ಅಮ್ಮ ಊರಲ್ಲಿ ಬಿಟ್ಟುಬಂದ ಕೆಲಸದ ಕೊರಗಿನಲ್ಲಿ. ಗ್ರೀನ್ ಕಾರ್ಡಿನ ಸರದಿ ಬರುವ ಮೊದಲೇ 21 ತುಂಬಿದರೆ ಎಚ್-4 ವೀಸಾ ಮುಗಿಯುತ್ತದೆ ಎಂದು ದೊಡ್ಡವರು ಅಡುಗೆಮನೆಯಲ್ಲಿ ಆಡಿಕೊಳ್ಳುವುದೂ ಅವನ ಕಿವಿಗೆ ಬೀಳುತ್ತದೆ. ಇಷ್ಟರ ಮೇಲೆ, ಮಾರ್ಕ್ಸ್ ಕಡಿಮೆ ಬಂದ ದಿನ, “ನಿನಗೋಸ್ಕರ ಅಲ್ವೇನೋ ಇಷ್ಟು ದೂರ ಬಂದಿದ್ದು?” ಎನ್ನುತ್ತೇವೆ. ದಯವಿಟ್ಟು ಆ ಮಾತು ಬಿಡಿ. ತಾನು ಮನೆಯವರಿಗೆ ಭಾರ ಎಂಬ ಭಾವನೆ ಆತ್ಮಹತ್ಯೆಯ ಯೋಚನೆಗೆ ಎಷ್ಟು ಹತ್ತಿರದ್ದು ಎಂಬುದನ್ನು ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ.

ಹದಿಹರೆಯದವರ ಖಿನ್ನತೆ ಎಷ್ಟೋ ಸಲ ಸಿಡುಕಿನ ರೂಪದಲ್ಲಿ ಬರುತ್ತದೆ. ನಾವು ಅದನ್ನು ಕೊಬ್ಬು ಎಂದುಕೊಳ್ಳುತ್ತೇವೆ. ನಿದ್ದೆ, ಊಟ ಏರುಪೇರಾಗಿ ಎರಡು ವಾರ ಕಳೆದರೆ, ಇಷ್ಟದ ಕ್ರಿಕೆಟ್ಟೋ ಸಂಗೀತವೋ ಬೇಡವಾದರೆ, “ನಾನಿಲ್ಲದಿದ್ರೆ ನಿಮಗೇ ಆರಾಮ” ಎಂಬಂಥ ಮಾತು ಬಂದರೆ ನೇರವಾಗಿ ಕೇಳಿ: “ಪುಟ್ಟಾ, ಸಾಯಬೇಕು ಅಂತ ಅನ್ನಿಸ್ತಿದೆಯಾ?” ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಸಂಶೋಧನೆಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. “ಹೌದು” ಎಂದರೆ ಬುದ್ಧಿ ಹೇಳಬೇಡಿ, ಆಣೆ ಹಾಕಿಸಬೇಡಿ. ಪಕ್ಕ ಕೂತು ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಔಷಧಿಗೆಲ್ಲ ಬೀಗ ಹಾಕಿ, ಊರಿಂದ ತಂದ ಮಾತ್ರೆಗಳ ಚೀಲವನ್ನೂ ಸೇರಿಸಿ. ಮಗು ಹೋಗಿಬರುವ ಮನೆಗಳಲ್ಲಿ ಬಂದೂಕನ್ನು ಬೀಗ ಹಾಕಿ ಇಟ್ಟಿದ್ದಾರೆಯೇ ಎಂದು ವಿಚಾರಿಸಲು ಸಂಕೋಚ ಬೇಡ. ಸಾಯಬೇಕೆನ್ನಿಸುವ ತೀವ್ರ ಗಳಿಗೆ ಬಹಳ ಸಲ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆ ಹೊತ್ತನ್ನು ದಾಟಿಸಿದರೆ ಜೀವ ಉಳಿಯುತ್ತದೆ.

ಆತ್ಮಹತ್ಯೆ ತಡೆಯುವ ಸಹಾಯವಾಣಿಯ 988 ಎಂಬ ಸಂಖ್ಯೆಯನ್ನು ಮನೆಮಂದಿಯೆಲ್ಲ ಫೋನಿನಲ್ಲಿ ಉಳಿಸಿಕೊಳ್ಳಿ. 2022ರ ಜುಲೈ 16ರಿಂದ ದೇಶದಾದ್ಯಂತ ಇದೆ. ದಿನದ 24 ಗಂಟೆಯೂ ಉಚಿತ; ಕರೆ ಮಾಡಬಹುದು, ಮೆಸೇಜ್ ಕಳಿಸಬಹುದು, ವಿಮೆ ಬೇಕಿಲ್ಲ. ಮಗುವಿನ ಬಗ್ಗೆ ಗಾಬರಿಯಾದ ತಾಯ್ತಂದೆಯರೂ ಕರೆ ಮಾಡಿ ಸಲಹೆ ಕೇಳಬಹುದು. ಜೀವಕ್ಕೆ ಈಗಲೇ ಅಪಾಯವಿದ್ದರೆ 911, ಇಲ್ಲವೇ ಹತ್ತಿರದ ಎಮರ್ಜೆನ್ಸಿ ರೂಮ್.

ಅಷ್ಟು ತುರ್ತಿಲ್ಲದಿದ್ದರೆ ಮಕ್ಕಳ ಡಾಕ್ಟರಿಂದ ಶುರುಮಾಡಿ. ಥೆರಪಿಸ್ಟ್ ಸಿಗಲು ವಾರಗಟ್ಟಲೆ ಕಾಯಬೇಕಾಗಬಹುದು. ಅಲ್ಲಿಯವರೆಗೆ ಆ ಡಾಕ್ಟರೇ ನೋಡಿಕೊಳ್ಳಬಲ್ಲರು. 12 ತುಂಬಿದ ಮೇಲೆ ವರ್ಷದ ತಪಾಸಣೆಯಲ್ಲಿ ಖಿನ್ನತೆಯ ಪ್ರಶ್ನೆಗಳನ್ನೂ ಕೇಳುವುದು ಇಲ್ಲಿನ ರೂಢಿ. ಆಗ ನಿಮ್ಮನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರೆ ಅವಮಾನ ಎಂದುಕೊಳ್ಳಬೇಡಿ. ನಿಮ್ಮೆದುರು ಬಾರದ ಮಾತು ಅವರೆದುರು ಬರಲಿ. ಶಾಲೆಯ ಕೌನ್ಸೆಲರಿಗೂ ಒಂದು ಈಮೇಲ್ ಬರೆಯಿರಿ.

“ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು” ಎಂದು ತಮಾಷೆ ಮಾಡುತ್ತಲೇ ಬೆಳೆದವರು ನಾವು. ಆ ನಗುವಿನ ಭಯದಿಂದಲೇ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡಿವೆ. ಯುಗಾದಿ ಊಟದ ಸಾಲಿನಲ್ಲಿ “ಅವರ ಮಗಳು ಕೌನ್ಸೆಲಿಂಗ್‌ಗೆ ಹೋಗ್ತಾಳಂತೆ” ಎಂಬ ಪಿಸುಮಾತು ನಿಮ್ಮವರೆಗೆ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಆಮೇಲೆ ಆ ಮನೆಗೊಂದು ಫೋನ್ ಮಾಡಿ. ಕಾರಣ ಕೆದಕದೆ, ಚಿಕ್ಕ ಮಗುವನ್ನು ಶಾಲೆಯಿಂದ ಕರೆತರಲೇ, ರಾತ್ರಿಗೆ ಸಾರು-ಪಲ್ಯ ಕಳಿಸಲೇ ಎಂದು ಕೇಳಿ.