ವಿದೇಶಿ ನೆರವು: ಕಾಯ್ದೆ, ತಿದ್ದುಪಡಿ, ವಿರೋಧ

1. ಪಿ.ಎಲ್. 480 (ಅಮೆರಿಕದ ಆಹಾರ ನೆರವು ಕಾಯ್ದೆ): 1954ರ ಜುಲೈ 10, ಐಸೆನ್‌ಹೋವರ್ ಸಹಿ. ಭಾರತದ ಮೊದಲ ಒಪ್ಪಂದ 1956. ಗೋಧಿ ಬಹುಪಾಲು ರೂಪಾಯಿಗೆ ಮಾರಾಟ. ಪೂರ್ತಿ ಉಚಿತ ಎಂದು ಬರೆದರೆ ತಪ್ಪು.

2. ಅಮೆರಿಕದ ವಿದೇಶಿ ನೆರವು ಕಾಯ್ದೆ: 1961, ಕೆನಡಿ. ಅದೇ ವರ್ಷ ಯುಎಸ್‌ಏಡ್ ಸ್ಥಾಪನೆ.

3. ಬರ್ಟನ್ ತಿದ್ದುಪಡಿ (1997): ಭಾರತಕ್ಕೆ ಅಮೆರಿಕ ಕೊಡುವ ನೆರವಿಗೆ ಕತ್ತರಿ ಹಾಕುವ ಪ್ರಸ್ತಾಪ. ಕ್ಲಿಂಟನ್ ಆಡಳಿತದ ವಿರೋಧ. ಪ್ರತಿನಿಧಿ ಸಭೆಯಲ್ಲಿ 82–342ರಿಂದ ಸೋಲು. ನೆನಪಿಡಿ: ತಿದ್ದುಪಡಿ ತಂದವರು ಸಂಸದ ಬರ್ಟನ್, ಬೇಡವೆಂದದ್ದು ಸರ್ಕಾರ. ಇಲ್ಲೇ ಹೆಚ್ಚು ಜನ ಅದಲು ಬದಲು ಮಾಡುತ್ತಾರೆ.

4. ನಮ್ಮ ಬಾಗಲಕೋಟೆ ಜಿಲ್ಲೆ: ಕೃಷ್ಣಾ ಮೇಲ್ದಂಡೆ ಯೋಜನೆ.
• ಶಂಕುಸ್ಥಾಪನೆ: 1964ರ ಮೇ 22, ಲಾಲ್ ಬಹಾದ್ದೂರ್ ಶಾಸ್ತ್ರಿ.
• ವಿಶ್ವಬ್ಯಾಂಕ್ ನೆರವು: 1978, 1989. ಪುನರ್ವಸತಿ ಸರಿಯಾಗಲಿಲ್ಲವೆಂದು 1992 ಮತ್ತು 1995ರಲ್ಲಿ ಹಣ ತಡೆ. ಬೀಳಗಿ, ಜಮಖಂಡಿ ಕಡೆಯ ಮುಳುಗಡೆ ಊರುಗಳ ಸಂಕಟ ಇದರ ಹಿಂದಿದೆ. ಬರೀ ಇಸವಿ ಉರು ಹೊಡೆಯಬೇಡಿ.
• ಗೊಂದಲ: ವಿಶ್ವಬ್ಯಾಂಕಿನ ಐಡಿಎ ಶಾಖೆ ಈ ಯೋಜನೆಗೆ ಕೊಟ್ಟ ಹಣ ಅನುದಾನವಲ್ಲ, ರಿಯಾಯಿತಿ ಸಾಲ. ಅದರ ಇನ್ನೊಂದು ಶಾಖೆ ಐಬಿಆರ್‌ಡಿಯ ಸಾಲಕ್ಕೆ ಬಡ್ಡಿ ಹೆಚ್ಚು.



5. ಚಿಕ್ಕಪಡಸಲಗಿ ಬ್ಯಾರೇಜ್ (ಜಮಖಂಡಿ ತಾಲ್ಲೂಕು, 1989): ಸಿದ್ದು ನ್ಯಾಮಗೌಡ ಮುಂದಾಳತ್ವ. ವಿದೇಶಿ ನೆರವಲ್ಲ, ರೈತರದೇ ವಂತಿಗೆ ಮತ್ತು ಶ್ರಮದಾನ.