ಪಾಠ ಮುಟ್ಟಿತು, ಪ್ರಶ್ನೆ ಮರಳಿತೇ?

ಪ್ರೀತಿಯ ತಂಗಿ,

ಹಾನಗಲ್ಲಿರಲಿ, ಹಿರೇಕೆರೂರಿರಲಿ, ಪದವಿ ಕಾಲೇಜಿಗೆ ಹೊಸದಾಗಿ ಪಾಠ ಹೇಳಲು ಬಂದವಳಿಗೆ ತರಗತಿಯ ಸ್ವರೂಪ ಮೊದಲ ವಾರದಲ್ಲೇ ತಿಳಿಯುತ್ತದೆ. ಸವಣೂರಿನ ಹುಡುಗಿಯ ಮನೆಮಾತು ಉರ್ದು. ಶಿಗ್ಗಾಂವಿ ಕಡೆಯ ತಾಂಡಾದಿಂದ ಬರುವವನದು ಲಂಬಾಣಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಿ.ಕಾಂ.ಗೆ ಇಂಗ್ಲಿಷ್ ಪುಸ್ತಕ ಹಿಡಿದವರಿದ್ದಾರೆ, ಗೋವಿನಜೋಳದ ಸುಗ್ಗಿಯಲ್ಲಿ ಹೊಲ ಬಿಟ್ಟು ಬರಲಾಗದವರಿದ್ದಾರೆ. ಇವರೆಲ್ಲರಿಗೂ ತಂತ್ರಜ್ಞಾನ ನೆರವಾಗಬಲ್ಲದು. ಆದರೆ ನಿನ್ನ ಪಾಠವನ್ನು ಅವರಿಗೆ ಮುಟ್ಟಿಸುವುದಕ್ಕಿಂತ, ಅವರಿಗೆ ಎಲ್ಲಿ ತಿಳಿಯಲಿಲ್ಲ ಎಂಬುದನ್ನು ನಿನಗೆ ಮುಟ್ಟಿಸಲು ಅದನ್ನು ಹೆಚ್ಚು ಬಳಸು ಎಂದು ನನ್ನ ಸಲಹೆ.

ಮುಟ್ಟಿಸುವ ಕೆಲಸ ಐವತ್ತು ವರ್ಷಗಳಿಂದ ನಡೆದೇ ಇದೆ. 1975ರ ಆಗಸ್ಟಿನಿಂದ ಒಂದು ವರ್ಷ, ಸೈಟ್ ಎಂಬ ಪ್ರಯೋಗದಲ್ಲಿ, ಅಮೆರಿಕದ ಉಪಗ್ರಹದ ಮೂಲಕ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿತು. ಕರ್ನಾಟಕದ ಹಳ್ಳಿಗಳಿಗೆ ಕನ್ನಡದಲ್ಲೇ ಬಂತು. ನೋಡುವವರ ಪ್ರಶ್ನೆ ಮಾತ್ರ ಅದೇ ದಾರಿಯಲ್ಲಿ ವಾಪಸು ಹೋಗುವಂತಿರಲಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, 2017ರಲ್ಲಿ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ ಬಂತು, 2021ರಲ್ಲಿ ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ಟ್ಯಾಬ್ ಸಿಕ್ಕಿತು. ಸಲಕರಣೆ ಸಿಕ್ಕ ಮಾತ್ರಕ್ಕೆ ಕಲಿಕೆಯಾಗದು. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸುಗಳಿಗೆ ಸೇರಿದವರಲ್ಲಿ 2017-18ರಲ್ಲಿ ಮುಗಿಸಿದವರು ನೂರಕ್ಕೆ ಮೂವರು ಮಾತ್ರ. ಜಗತ್ತಿನ ಅತ್ಯುತ್ತಮ ಪಾಠಗಳ ಗತಿಯೇ ಹೀಗಿರುವಾಗ, ಗಂಟೆಗಟ್ಟಲೆ ಉಪನ್ಯಾಸ ಚಿತ್ರೀಕರಿಸಿ ಕಳಿಸುವುದರಿಂದ ಏನು ಫಲ?

ಅದರ ಬದಲು ಏನು ಮಾಡಬಹುದು ಎಂಬುದಕ್ಕೆ ಸವಕಳಿ ಲೆಕ್ಕವನ್ನೇ ತೆಗೆದುಕೋ. ಎಂಟು ಲಕ್ಷದ ಟ್ರ್ಯಾಕ್ಟರಿಗೆ ಉಳಿದ ಬೆಲೆಯ ಮೇಲೆ ನೂರಕ್ಕೆ ಹತ್ತರಂತೆ ಕಳೆದರೆ ಮೊದಲ ವರ್ಷ 80,000, ಎರಡನೆಯ ವರ್ಷ 72,000 ರೂಪಾಯಿ. ಇದಿಷ್ಟನ್ನೇ ಐದು ನಿಮಿಷದ ಧ್ವನಿಯಾಗಿ ಕನ್ನಡದಲ್ಲಿ ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸು. ಊರಿನಲ್ಲಿ ನೆಟ್‌ವರ್ಕ್ ಸಿಗದವರು ಕಾಲೇಜಿನಲ್ಲೇ ಇಳಿಸಿಕೊಂಡು ಬಸ್ಸಿನಲ್ಲಿ ಕೇಳಲಿ. ಮರುದಿನ ಎರಡೇ ಪ್ರಶ್ನೆ ಕೇಳು, ಫೋನಿನಲ್ಲಿ; ಫೋನಿಲ್ಲದವರಿಗೆ ಚೀಟಿಯಲ್ಲಿ. ಎರಡನೆಯ ವರ್ಷಕ್ಕೂ 80,000 ಎಂದು ಬರೆದವನಿಗೆ ಪದ್ಧತಿ ತಿಳಿದಿಲ್ಲ. ಏನೂ ಬರೆಯದೆ ಬಿಟ್ಟವಳಿಗೆ ಪ್ರಶ್ನೆಯ ಇಂಗ್ಲಿಷೇ ತೊಡಕಾಗಿರಬಹುದು. ಇಬ್ಬರಿಗೂ ಒಂದೇ ಪಾಠವನ್ನು ಮತ್ತೆ ಹೇಳಿದರೆ ಇಬ್ಬರಿಗೂ ನಷ್ಟ. ಈ ಭೇದ ತಿಳಿದ ದಿನ ನಿನ್ನ ತರಗತಿಯೇ ಬೇರೆಯಾಗುತ್ತದೆ.

ಧ್ವನಿ ಸಿಕ್ಕರೆ ಮಕ್ಕಳು ತರಗತಿಗೆ ಬರುವುದಿಲ್ಲ ಎನ್ನುವವರಿದ್ದಾರೆ. ಐದು ನಿಮಿಷದ ಧ್ವನಿ ತರಗತಿಯ ಜಾಗ ತುಂಬದು. ಸುಗ್ಗಿಗೂ ಬಸ್ಸಿಗೂ ಸಿಲುಕಿ ಪಾಠ ತಪ್ಪಿಸಿಕೊಂಡವರು ಎಳೆ ಹಿಡಿದು ಮರಳಲು ಅದು ಸಾಕು. ಕನ್ನಡದಲ್ಲಿ ವಿವರಿಸಿದರೆ ಇಂಗ್ಲಿಷ್ ಕಲಿಯರು ಎಂಬ ಆಕ್ಷೇಪವೂ ನಿಲ್ಲದು. ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದವರಿಗೆ ವಿಷಯವೂ ಬಾರದು, ಭಾಷೆಯೂ ಬಾರದು. ಪುಸ್ತಕದ ಇಂಗ್ಲಿಷ್ ಪದವನ್ನು ಅದೇ ಧ್ವನಿಯಲ್ಲಿ ಹೇಳಿದರಾಯಿತು. ನಿಜವಾದ ಅಡ್ಡಿ ಕೆಲಸದ ಹೊರೆ. ಅತಿಥಿ ಉಪನ್ಯಾಸಕರಿಗಂತೂ ಇದು ಸಂಬಳವಿಲ್ಲದ ದುಡಿಮೆ, ಅದನ್ನು ಅಲ್ಲಗಳೆಯಲಾರೆ. ಆದ್ದರಿಂದ ಒಬ್ಬಳೇ ಹೊರಬೇಡ. ನಾಲ್ಕು ತಾಲೂಕುಗಳ ವಾಣಿಜ್ಯ ಅಧ್ಯಾಪಕರು ಘಟಕಗಳನ್ನು ಹಂಚಿಕೊಂಡರೆ ಪ್ರತಿಯೊಬ್ಬರ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ.

ಟಿಪ್ಪಣಿಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಕಳಿಸಬೇಡ, ಫೋಟೊ ತೆಗೆದೂ ಕಳಿಸಬೇಡ. ಮೊದಲನೆಯದು ಅವರ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಎರಡನೆಯದನ್ನು, ದೃಷ್ಟಿಯಿಲ್ಲದ ವಿದ್ಯಾರ್ಥಿ ನೆಚ್ಚಿಕೊಂಡ, ಫೋನಿನ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಸರಿಯಾಗಿ ಓದಿ ಹೇಳಲಾರದು. ಯೂನಿಕೋಡ್‌ನಲ್ಲಿ ಟೈಪ್ ಮಾಡು. ಈ ಸೆಮಿಸ್ಟರಿಗೆ ಮೊದಲ ಘಟಕವೊಂದಾದರೂ ಹಾಗೆ ಸಿದ್ಧವಾಗಲಿ.

ನಿನ್ನ ಹಿತೈಷಿ